ಸೌರ ವಿದ್ಯುತ್ ಇಷ್ಟು ಅಗ್ಗವಾದರೂ ಕಲ್ಲಿದ್ದಲು ಏಕೆ ಉರಿಯುತ್ತಲೇ ಇದೆ?

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಒಂದು ಅಂಕಿಅಂಶ ಪ್ರಕಟಿಸಿತು. ದೇಶದ ಒಟ್ಟು ವಿದ್ಯುತ್ ಉತ್ಪಾದನಾ ಸಾಮರ್ಥ್ಯ ಸುಮಾರು 485 ಗಿಗಾವ್ಯಾಟ್. ಅದರಲ್ಲಿ ಸುಮಾರು 243 ಗಿಗಾವ್ಯಾಟ್, ಅಂದರೆ ಅರ್ಧಕ್ಕಿಂತ ತುಸು ಹೆಚ್ಚು, ಕಲ್ಲಿದ್ದಲು, ಅನಿಲ, ಡೀಸೆಲ್ ಬಳಸದ ಮೂಲಗಳದ್ದು. 2030ರೊಳಗೆ ತಲುಪುತ್ತೇವೆ ಎಂದು ಪ್ಯಾರಿಸ್ ಒಪ್ಪಂದದಡಿ ಭಾರತ ಕೊಟ್ಟಿದ್ದ ಮಾತು ಐದು ವರ್ಷ ಮೊದಲೇ ನೆರವೇರಿತ್ತು. ಇಂಥ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ದಾಟುತ್ತಾ "ದೇಶದ ಅರ್ಧ ಕರೆಂಟ್ ಈಗ ಸೂರ್ಯನಿಂದಲೇ" ಆಗಿಬಿಡುತ್ತದೆ. ಅದೇ ಗುಂಪಿನಲ್ಲಿ ಇನ್ನೊಬ್ಬರು "ಸೋಲಾರ್ ಎಲ್ಲ ಬರೀ ಪ್ರಚಾರ, ಜಗತ್ತು ಉರಿಸುತ್ತಿರುವ ಕಲ್ಲಿದ್ದಲು ದಾಖಲೆ ಮುಟ್ಟಿದೆ ಗೊತ್ತಾ?" ಎಂದು ಉತ್ತರಿಸುತ್ತಾರೆ.

ಮೊದಲನೆಯ ಮಾತು ತಪ್ಪು. ಎರಡನೆಯದರಲ್ಲಿ ಕಲ್ಲಿದ್ದಲಿನ ದಾಖಲೆ ನಿಜ, ಅದರಿಂದ ತೆಗೆದ ತೀರ್ಮಾನ ತಪ್ಪು. ಎರಡೂ ಎಲ್ಲಿ ಎಡವುತ್ತವೆ ಎಂದು ನೋಡಲು ಹೋದರೆ, ಜಗತ್ತಿನ ಇಂಧನ ಬದಲಾವಣೆ ಎಲ್ಲಿ ಓಡುತ್ತಿದೆ, ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎನ್ನುವುದೂ ಕಾಣುತ್ತದೆ. ಸಿಕ್ಕಿಹಾಕಿಕೊಂಡಿರುವ ಜಾಗ ಹೆಚ್ಚಿನವರು ಅಂದುಕೊಂಡಂತೆ ಸೌರ ಫಲಕದಲ್ಲಿಲ್ಲ, ಸಾಲದ ಬಡ್ಡಿಯಲ್ಲಿದೆ, ವಿದ್ಯುತ್ ತಂತಿಯಲ್ಲಿದೆ.

ಸಾಮರ್ಥ್ಯ ಬೇರೆ, ಯೂನಿಟ್ ಬೇರೆ

ತೋಟಕ್ಕೆ ಬೋರ್‌ವೆಲ್ ಹಾಕಿಸಿದವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಪಂಪಿನ ಮೇಲೆ 10 ಎಚ್‌ಪಿ ಎಂದು ಬರೆದಿರುತ್ತದೆ. ಆದರೆ ಸಂಜೆ ತೊಟ್ಟಿಯಲ್ಲಿ ಎಷ್ಟು ನೀರಿದೆ ಎನ್ನುವುದು ತ್ರೀ ಫೇಸ್ ಕರೆಂಟ್ ಎಷ್ಟು ಗಂಟೆ ಇತ್ತು ಎನ್ನುವುದರ ಮೇಲೆ ನಿಂತಿದೆ. ಮೆಗಾವ್ಯಾಟ್, ಗಿಗಾವ್ಯಾಟ್ ಎನ್ನುವುದು ಪಂಪಿನ ಎಚ್‌ಪಿ ಇದ್ದ ಹಾಗೆ (1,000 ಮೆಗಾವ್ಯಾಟ್ ಸೇರಿದರೆ ಒಂದು ಗಿಗಾವ್ಯಾಟ್). ಯೂನಿಟ್ ಎನ್ನುವುದು ತೊಟ್ಟಿಗೆ ಬಿದ್ದ ನೀರು. ಕರೆಂಟ್ ಬಿಲ್ ಬರುವುದೂ ಹೊಗೆಯ ಲೆಕ್ಕ ಆಗುವುದೂ ಯೂನಿಟ್ಟಿನಲ್ಲಿ.

ಒಂದು ಕಿಲೋವ್ಯಾಟ್ ಸಾಮರ್ಥ್ಯದ ಯಂತ್ರ ದಿನವಿಡೀ ಪೂರ್ತಿ ಓಡಿದರೆ 24 ಯೂನಿಟ್ ಆಗಬೇಕು. ನಮ್ಮ ಕಡೆ ಮನೆಯ ಮೇಲೆ ಹಾಕಿದ ಒಂದು ಕಿಲೋವ್ಯಾಟ್ ಸೌರ ಫಲಕ ಕೊಡುವುದು ದಿನಕ್ಕೆ ಸರಾಸರಿ 4 ಯೂನಿಟ್ ಆಸುಪಾಸು. ರಾತ್ರಿ ಇಲ್ಲ, ಬೆಳಗ್ಗೆ ಸಂಜೆ ಕಡಿಮೆ, ಮಳೆಗಾಲದಲ್ಲಿ ಇನ್ನೂ ಕಡಿಮೆ. ಅದೇ ಒಂದು ಕಿಲೋವ್ಯಾಟ್ ಕಲ್ಲಿದ್ದಲು ಸಾಮರ್ಥ್ಯ, ಭಾರತದ ಸ್ಥಾವರಗಳು ಈಚೆಗೆ ಓಡುತ್ತಿರುವ ಶೇ 70ರ ಆಸುಪಾಸಿನ ಲೆಕ್ಕದಲ್ಲಿ, ದಿನಕ್ಕೆ 16–17 ಯೂನಿಟ್ ಕೊಡುತ್ತದೆ. ಸಾಮರ್ಥ್ಯದ ಪಟ್ಟಿಯಲ್ಲಿ ಎರಡೂ ಸಮ. ತೊಟ್ಟಿಯಲ್ಲಿ ನಾಲ್ಕು ಪಟ್ಟು ವ್ಯತ್ಯಾಸ.

ಹಾಗಾಗಿಯೇ ಸಾಮರ್ಥ್ಯದಲ್ಲಿ ಅರ್ಧ ದಾಟಿದರೂ, 2024ರಲ್ಲಿ ಭಾರತ ಉತ್ಪಾದಿಸಿದ ಯೂನಿಟ್‌ಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಪಾಲು ಕಲ್ಲಿದ್ದಲಿನದೇ ಆಗಿತ್ತು. ಸೌರದ ಪಾಲು ಶೇ 7ರಷ್ಟು. ಇನ್ನೊಂದು ವಿಷಯ: ಆ 243 ಗಿಗಾವ್ಯಾಟ್‌ನಲ್ಲಿ ಸೌರ, ಪವನ ಮಾತ್ರ ಇಲ್ಲ. ದೊಡ್ಡ ಅಣೆಕಟ್ಟುಗಳ ಜಲವಿದ್ಯುತ್ 49 ಗಿಗಾವ್ಯಾಟ್, ಅಣುವಿದ್ಯುತ್ ಸುಮಾರು 9 ಗಿಗಾವ್ಯಾಟ್ ಕೂಡ ಸೇರಿವೆ. ಸರ್ಕಾರ ಸುಳ್ಳು ಹೇಳಿಲ್ಲ, ಪ್ಯಾರಿಸ್‌ಗೆ ಕೊಟ್ಟ ಮಾತೇ ಸಾಮರ್ಥ್ಯದ ಬಗ್ಗೆ ಇತ್ತು. ಶೀರ್ಷಿಕೆ ಬರೆಯುವ ಆತುರದಲ್ಲಿ 'ಸಾಮರ್ಥ್ಯ' ಎಂಬ ಒಂದು ಪದ ಬಿದ್ದುಹೋದರೆ ಇಡೀ ಅರ್ಥ ಬದಲಾಗುತ್ತದೆ, ಅಷ್ಟೇ.

ದಾಖಲೆ ಎರಡೂ ಕಡೆ

ಈಗ ಎರಡನೆಯವರ ಮಾತಿಗೆ ಬರೋಣ. 2024ರಲ್ಲಿ ಜಗತ್ತು ಬಳಸಿದ ಕಲ್ಲಿದ್ದಲು ಸುಮಾರು 880 ಕೋಟಿ ಟನ್. ಅಷ್ಟು ಹಿಂದೆಂದೂ ಬಳಸಿರಲಿಲ್ಲ. ಅದೇ ವರ್ಷ ಜಗತ್ತಿನ ವಿದ್ಯುತ್ತಿನಲ್ಲಿ ಶೇ 40ಕ್ಕಿಂತ ಹೆಚ್ಚು ಪಾಲು ಜಲ, ಅಣು, ಪವನ, ಸೌರದಂಥ ಮೂಲಗಳಿಂದ ಬಂತು. 1940ರ ದಶಕದ ನಂತರ ಈ ಪಾಲು ಶೇ 40 ದಾಟಿದ್ದು ಅದೇ ಮೊದಲು. ಸೌರ ವಿದ್ಯುತ್ ಕೇವಲ ಮೂರು ವರ್ಷದಲ್ಲಿ ಎರಡು ಪಟ್ಟಾಗಿತ್ತು.

ಎರಡೂ ಒಟ್ಟಿಗೆ ಹೇಗೆ ಸಾಧ್ಯ? ಸಂಬಳ ಏರುತ್ತಿದೆ, ಆದರೂ ಸಾಲ ತೀರುತ್ತಿಲ್ಲ ಎನ್ನುವ ಮನೆಯನ್ನು ನೆನೆಸಿಕೊಳ್ಳಿ. ಖರ್ಚು ಸಂಬಳಕ್ಕಿಂತ ಬೇಗ ಏರುತ್ತಿದ್ದರೆ ಹಾಗೇ ಆಗುವುದು. 2024ರಲ್ಲಿ ಜಗತ್ತಿನ ವಿದ್ಯುತ್ ಬೇಡಿಕೆ ಶೇ 4ರಷ್ಟು ಏರಿತು. ಆ ವರ್ಷದ ಬಿಸಿಲನ್ನು ಯಾರೂ ಮರೆತಿರಲಿಕ್ಕಿಲ್ಲ. ಮೇ 30ರಂದು ಭಾರತದ ಬೇಡಿಕೆ 250 ಗಿಗಾವ್ಯಾಟ್ ಮುಟ್ಟಿ ದಾಖಲೆ ಬರೆಯಿತು. ಹೆಚ್ಚಾದ ಬೇಡಿಕೆಯ ದೊಡ್ಡ ಪಾಲನ್ನು ಹೊಸ ಸೌರ, ಪವನ ಸ್ಥಾವರಗಳು ತುಂಬಿದವು. ಉಳಿದ ಸ್ವಲ್ಪಕ್ಕೆ ಕಲ್ಲಿದ್ದಲು, ಅನಿಲ ಉರಿಯಿತು, ದಾಖಲೆ ಆಯಿತು.

2025ರ ಮೊದಲ ಆರು ತಿಂಗಳಲ್ಲಿ ಚಿತ್ರ ಸ್ವಲ್ಪ ತಿರುಗಿತು. ಎಂಬರ್ ಎಂಬ ಇಂಧನ ಅಧ್ಯಯನ ಸಂಸ್ಥೆಯ ಲೆಕ್ಕದಂತೆ, ಹೊಸದಾಗಿ ಸೇರಿದ ಸೌರ ಮತ್ತು ಪವನ ಯೂನಿಟ್‌ಗಳು ಇಡೀ ಜಗತ್ತಿನ ಹೆಚ್ಚುವರಿ ಬೇಡಿಕೆಯನ್ನು ಮೀರಿದವು. ನವೀಕರಿಸಬಹುದಾದ ಮೂಲಗಳಿಂದ ಸುಮಾರು 5.07 ಲಕ್ಷ ಕೋಟಿ ಯೂನಿಟ್, ಕಲ್ಲಿದ್ದಲಿನಿಂದ ಸುಮಾರು 4.9 ಲಕ್ಷ ಕೋಟಿ ಯೂನಿಟ್. ಕಲ್ಲಿದ್ದಲು ಹಿಂದೆ ಬಿದ್ದದ್ದು ಇದೇ ಮೊದಲು. ಇನ್ನೂ ಅಚ್ಚರಿಯೆಂದರೆ ಆ ಆರು ತಿಂಗಳಲ್ಲಿ ಚೀನಾ ಮತ್ತು ಭಾರತದಲ್ಲಿ ಪಳೆಯುಳಿಕೆ ಇಂಧನದ ವಿದ್ಯುತ್ ಕಡಿಮೆಯಾಯಿತು, ಅಮೆರಿಕ ಮತ್ತು ಯುರೋಪಿನ ಒಕ್ಕೂಟದಲ್ಲಿ ಹೆಚ್ಚಾಯಿತು. (ಭಾರತದ ಇಳಿಕೆಯಲ್ಲಿ ಆ ವರ್ಷದ ತಂಪು ಬೇಸಿಗೆಯ ಪಾಲೂ ಇದೆ. ಅಷ್ಟೂ ಸೌರದ ಪುಣ್ಯ ಎನ್ನಲಾಗದು.)

ಇವೆಲ್ಲ ವಿದ್ಯುತ್ತಿನ ಮಾತು. ಲಾರಿಯ ಡೀಸೆಲ್, ಉಕ್ಕಿನ ಕುಲುಮೆ, ಅಡುಗೆ ಸಿಲಿಂಡರ್, ಇಟ್ಟಿಗೆ ಗೂಡು ಎಲ್ಲ ಸೇರಿಸಿದರೆ ಜಗತ್ತು ಕೊನೆಯಲ್ಲಿ ಬಳಸುವ ಶಕ್ತಿಯಲ್ಲಿ ವಿದ್ಯುತ್ತಿನ ಪಾಲು ಐದರಲ್ಲಿ ಒಂದು ಮಾತ್ರ. ಉಳಿದ ನಾಲ್ಕು ಪಾಲಿನಲ್ಲಿ ಆದಷ್ಟನ್ನು ಮೊದಲು ವಿದ್ಯುತ್ತಿಗೆ ತರಬೇಕು, ಆಮೇಲೆ ಆ ವಿದ್ಯುತ್ತು ಶುದ್ಧವಾಗಬೇಕು. ವಾಹನಗಳಲ್ಲಿ ಇದು ಶುರುವಾಗಿದೆ: 2024ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಐದಕ್ಕೊಂದಕ್ಕಿಂತ ಹೆಚ್ಚು ವಿದ್ಯುತ್ ಕಾರುಗಳು, ಅವುಗಳಲ್ಲಿ ಮೂರರಲ್ಲಿ ಎರಡು ಪಾಲು ಚೀನಾದಲ್ಲೇ.

ಅಗ್ಗವಾದದ್ದು ತಾನಾಗಿ ಅಲ್ಲ

ಬಿಸಿಲು ಪುಕ್ಕಟೆ, ಹಾಗಾಗಿ ಸೌರ ವಿದ್ಯುತ್ ಅಗ್ಗ ಎನ್ನುವುದು ಇನ್ನೊಂದು ತಪ್ಪು ತಿಳಿವಳಿಕೆ. ಬಿಸಿಲು ಯಾವಾಗಲೂ ಪುಕ್ಕಟೆಯೇ ಇತ್ತು. 1970ರ ದಶಕದ ಮಧ್ಯದಲ್ಲಿ ಒಂದು ವ್ಯಾಟ್ ಸೌರ ಫಲಕದ ಬೆಲೆ ಇಂದಿನ ಹಣದ ಲೆಕ್ಕದಲ್ಲಿ 100 ಡಾಲರ್ ಮೀರಿತ್ತು. 2024ರ ಹೊತ್ತಿಗೆ ಅದು ಸುಮಾರು 10 ಸೆಂಟ್. ಇಳಿಯಲು ಕಾರಣ, ಫಲಕ ಕಾರ್ಖಾನೆಯಲ್ಲಿ ಹುಟ್ಟುವ ಸರಕು. ಹೆಚ್ಚು ಮಾಡಿದಷ್ಟೂ ಕೈ ಪಳಗುತ್ತದೆ, ಸಿಲಿಕಾನ್ ಹಾಳೆ ತೆಳ್ಳಗಾಗುತ್ತದೆ, ಹಾಳಾಗುವುದು ಕಡಿಮೆಯಾಗುತ್ತದೆ. ಜಗತ್ತಿನಲ್ಲಿ ಈವರೆಗೆ ತಯಾರಾದ ಫಲಕಗಳ ಒಟ್ಟು ಪ್ರಮಾಣ ಎರಡು ಪಟ್ಟಾದಾಗಲೆಲ್ಲ ಬೆಲೆ ಸುಮಾರು ಶೇ 20 ಇಳಿದಿದೆ. ಕಲ್ಲಿದ್ದಲು ಹಾಗಲ್ಲ. ಅದನ್ನು ಪ್ರತಿದಿನ ಅಗೆಯಬೇಕು, ರೈಲಿಗೆ ತುಂಬಬೇಕು, ಸಾಗಿಸಬೇಕು. ಮೇಲಿನ ಪದರ ಮುಗಿದ ಮೇಲೆ ಇನ್ನೂ ಆಳಕ್ಕೆ ಇಳಿಯಬೇಕು.

ಆದರೆ ಮೊದಲು ದುಬಾರಿ ಇದ್ದಾಗ ಯಾರೋ ಕೊಂಡರಲ್ಲ, ಯಾರು? ಹೆಚ್ಚಾಗಿ ಜರ್ಮನಿಯ ಜನ. 2000ರಲ್ಲಿ ಅಲ್ಲಿ ಬಂದ ಕಾನೂನು, ಯಾರೇ ಮನೆ ಮೇಲೆ ಕರೆಂಟ್ ಮಾಡಿದರೂ ಅದನ್ನು 20 ವರ್ಷ ನಿಗದಿತ ಬೆಲೆಗೆ ಕೊಳ್ಳಲೇಬೇಕು ಎಂದಿತು. ಆ ಹೆಚ್ಚುವರಿ ಹಣವನ್ನು ಎಲ್ಲರ ಬಿಲ್ಲಿಗೆ ಸೇರಿಸಲಾಯಿತು. 2017ರಲ್ಲಿ ಅದು ಯೂನಿಟ್‌ಗೆ 6.88 ಸೆಂಟ್‌ವರೆಗೆ ಏರಿತ್ತು. ಜಗತ್ತು ಸೌರ ಫಲಕ ಮಾಡಲು ಕಲಿಯುವಾಗ ಜರ್ಮನಿಯ ಮನೆಗಳು ಫೀಸು ಕಟ್ಟಿದವು ಎನ್ನಬಹುದು. ಆ ಬೇಡಿಕೆಯನ್ನು ಹಿಡಿದು ಚೀನಾ ಕಾರ್ಖಾನೆಗಳನ್ನು ಕಟ್ಟಿತು. ಇಂದು ಫಲಕ ತಯಾರಿಕೆಯ ಪ್ರತಿ ಹಂತದಲ್ಲೂ ಜಗತ್ತಿನ ಶೇ 80ಕ್ಕಿಂತ ಹೆಚ್ಚು ಪಾಲು ಅದರದು.

ಭಾರತ ಬೇರೆ ದಾರಿ ಹಿಡಿಯಿತು. ಬೆಲೆ ನಿಗದಿ ಮಾಡುವ ಬದಲು ಹರಾಜು ಹಾಕಿತು, ಅದೂ ಉಲ್ಟಾ ಹರಾಜು: ಕಡಿಮೆ ದರಕ್ಕೆ ಕೊಡುತ್ತೇನೆ ಎಂದವರಿಗೆ ಯೋಜನೆ. 2010ರ ಮೊದಲ ಹರಾಜಿನಲ್ಲಿ ಅತಿ ಕಡಿಮೆ ದರ ಯೂನಿಟ್‌ಗೆ ₹10.95. 2017ರ ಮೇನಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ₹2.44. 2020ರ ಡಿಸೆಂಬರ್‌ನಲ್ಲಿ ಗುಜರಾತಿನಲ್ಲಿ ₹1.99.

ನೀತಿ ಕಟ್ಟಿದ್ದನ್ನು ನೀತಿ ಕೆಡವಲೂ ಬಹುದು. ಅಮೆರಿಕ 2022ರಲ್ಲಿ ಶುದ್ಧ ಇಂಧನಕ್ಕೆ ಭಾರೀ ತೆರಿಗೆ ರಿಯಾಯಿತಿ ಕೊಡುವ ಕಾನೂನು ತಂದು, 2025ರ ಜುಲೈ 4ರಂದು ಅದರ ದೊಡ್ಡ ಭಾಗವನ್ನು ಮೊಟಕುಗೊಳಿಸಿತು. ಚೀನಾದಲ್ಲಿ 2025ರ ಜೂನ್ 1ರಿಂದ ಹೊಸ ಸೌರ ಸ್ಥಾವರಗಳಿಗೆ ಖಚಿತ ದರ ತಪ್ಪಿ ಮಾರುಕಟ್ಟೆ ದರ ಎಂದಾಯಿತು. ಅದಕ್ಕೆ ಮೊದಲೇ ಮುಗಿಸಿಬಿಡುವ ನೂಕುನುಗ್ಗಲಿನಲ್ಲಿ ಮೇ ಒಂದೇ ತಿಂಗಳಲ್ಲಿ ಅಲ್ಲಿ ಸುಮಾರು 93 ಗಿಗಾವ್ಯಾಟ್ ಫಲಕ ಸೇರ್ಪಡೆಯಾಯಿತು. ಭಾರತ ಹದಿನೈದು ವರ್ಷದಲ್ಲಿ ಕಟ್ಟಿದ್ದು ಹೆಚ್ಚುಕಡಿಮೆ ಅಷ್ಟೇ! ಬ್ರಿಟನ್ ಮಾತ್ರ ಪಟ್ಟು ಬಿಡದೆ ಹೊಗೆಯ ಮೇಲೆ ಶುಲ್ಕ ಹಾಕುತ್ತಾ ಹೋಯಿತು. 2012ರಲ್ಲಿ ಅಲ್ಲಿನ ವಿದ್ಯುತ್ತಿನಲ್ಲಿ ಹತ್ತರಲ್ಲಿ ನಾಲ್ಕು ಪಾಲಿನಷ್ಟಿದ್ದ ಕಲ್ಲಿದ್ದಲು, 2024ರ ಸೆಪ್ಟೆಂಬರ್ 30ರಂದು ರ‍್ಯಾಟ್‌ಕ್ಲಿಫ್ ಸ್ಥಾವರ ಮುಚ್ಚುವುದರೊಂದಿಗೆ ಸೊನ್ನೆಯಾಯಿತು. 1882ರಲ್ಲಿ ಲಂಡನ್ನಿನಲ್ಲಿ ಕಲ್ಲಿದ್ದಲಿನಿಂದ ಸಾರ್ವಜನಿಕರಿಗೆ ವಿದ್ಯುತ್ ಕೊಡಲು ಶುರು ಮಾಡಿದ ದೇಶ ಅದು.

ಅಸಲು ಬೆಲೆ ಬಡ್ಡಿಯಲ್ಲಿದೆ

ಸೌರ ಸ್ಥಾವರಕ್ಕೂ ಕಲ್ಲಿದ್ದಲು ಸ್ಥಾವರಕ್ಕೂ ಖರ್ಚಿನ ಸ್ವಭಾವವೇ ಬೇರೆ. ಕಲ್ಲಿದ್ದಲಿನಲ್ಲಿ ಕಟ್ಟುವಾಗ ಒಂದಷ್ಟು, ಆಮೇಲೆ ಉರಿಸಿದಂತೆಲ್ಲ ಇಂಧನಕ್ಕೆ ಪ್ರತಿದಿನ ಖರ್ಚು. ಸೌರದಲ್ಲಿ ಇಂಧನದ ಖರ್ಚಿಲ್ಲ, 25 ವರ್ಷದ ಕರೆಂಟಿನ ಬಹುಪಾಲು ಹಣವನ್ನು ಮೊದಲ ದಿನವೇ ಸುರಿಯಬೇಕು. ಆ ಹಣ ಸಾಲದ್ದಾಗಿದ್ದರೆ?

ಒಂದು ಲೆಕ್ಕ ಹಾಕೋಣ. ಒಳ್ಳೆಯ ಬಿಸಿಲಿನ ಜಾಗದಲ್ಲಿ ಒಂದು ಮೆಗಾವ್ಯಾಟ್ ಸೌರ ಸ್ಥಾವರಕ್ಕೆ ₹4 ಕೋಟಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 16.5 ಲಕ್ಷ ಯೂನಿಟ್ ಬರುತ್ತದೆ. ಪೂರ್ತಿ ಹಣ ಸಾಲ, ಮನೆ ಸಾಲದಂತೆ 25 ವರ್ಷ ಸಮ ಕಂತು. ನಿರ್ವಹಣೆಯ ಸಣ್ಣ ಖರ್ಚು ಸದ್ಯಕ್ಕೆ ಬಿಡೋಣ.

ಬಡ್ಡಿ ಶೇ 4 ಆದರೆ ವರ್ಷದ ಕಂತು ಸುಮಾರು ₹25.6 ಲಕ್ಷ. ಯೂನಿಟ್‌ಗೆ ₹1.55 ಬಿತ್ತು. ಬಡ್ಡಿ ಶೇ 8 ಆದರೆ ಯೂನಿಟ್‌ಗೆ ₹2.27. ಶೇ 12 ಆದರೆ ವರ್ಷದ ಕಂತು ₹51 ಲಕ್ಷ, ಯೂನಿಟ್‌ಗೆ ₹3.09.

ಮೊದಲ ಸಲ ಈ ಲೆಕ್ಕ ಮಾಡಿದಾಗ ಎಲ್ಲೋ ತಪ್ಪಾಗಿದೆ ಅನ್ನಿಸಿ ತಿರುಗಿ ಮಾಡಿದ್ದೆ. ಅದೇ ಬಿಸಿಲು, ಅದೇ ಚೀನಾ ಫಲಕ, ಅದೇ ಜಾಗ. ಬ್ಯಾಂಕು ಬದಲಾದರೆ ಕರೆಂಟಿನ ಬೆಲೆ ಎರಡು ಪಟ್ಟು. ಕಲ್ಲಿದ್ದಲು ಅಥವಾ ಡೀಸೆಲ್‌ನಲ್ಲಿ ಬಡ್ಡಿ ಏರಿದರೆ ಪೆಟ್ಟು ಇಷ್ಟು ದೊಡ್ಡದಲ್ಲ, ಯಾಕೆಂದರೆ ಅಲ್ಲಿ ಖರ್ಚಿನ ದೊಡ್ಡ ಪಾಲು ಉರಿಸಿದಾಗ ಮಾತ್ರ ಕೊಡುವಂಥದ್ದು. ಹಾಗಾಗಿ ಬಡ್ಡಿ ದುಬಾರಿ ಇರುವ ದೇಶದಲ್ಲಿ, ಎಷ್ಟೇ ಬಿಸಿಲಿದ್ದರೂ, ತಕ್ಕಡಿ ಹಳೆಯ ಇಂಧನದ ಕಡೆಗೇ ವಾಲುತ್ತದೆ.

ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ ಶುದ್ಧ ಇಂಧನ ಯೋಜನೆಗಳಿಗೆ ಬಂಡವಾಳದ ಬೆಲೆ ಅಭಿವೃದ್ಧಿಶೀಲ ದೇಶಗಳಲ್ಲಿ ಶ್ರೀಮಂತ ದೇಶಗಳ ಎರಡು ಪಟ್ಟಿಗಿಂತ ಹೆಚ್ಚು. ಸಾಲ ಕೊಡುವವರ ಭಯಗಳು ಹಲವು. ಡಾಲರಿನಲ್ಲಿ ಕೊಟ್ಟ ಸಾಲ ರೂಪಾಯಿಯಲ್ಲೋ ಶಿಲ್ಲಿಂಗಿನಲ್ಲೋ ವಾಪಸು ಬರುವಷ್ಟರಲ್ಲಿ ಅದರ ಬೆಲೆ ಇಳಿದಿರಬಹುದು. ಕರೆಂಟ್ ಕೊಳ್ಳುವ ಸರ್ಕಾರಿ ಕಂಪನಿ ತಿಂಗಳುಗಟ್ಟಲೆ ಬಾಕಿ ಉಳಿಸಬಹುದು. ಹೊಸ ಸರ್ಕಾರ ಬಂದು ಹಳೆಯ ಒಪ್ಪಂದವನ್ನೇ ಒಪ್ಪದಿರಬಹುದು. ಕೊನೆಯದು ಬರೀ ಊಹೆಯಲ್ಲ. 2019ರಲ್ಲಿ ಆಂಧ್ರಪ್ರದೇಶದ ಹೊಸ ಸರ್ಕಾರ, ಹಿಂದೆ ಸಹಿಯಾಗಿದ್ದ ಸೌರ, ಪವನ ಒಪ್ಪಂದಗಳ ದರ ಜಾಸ್ತಿಯಾಯಿತೆಂದು ಮರುಪರಿಶೀಲನೆಗೆ ಹೊರಟಿತು. 2022ರಲ್ಲಿ ಹೈಕೋರ್ಟ್ ಕಂಪನಿಗಳ ಪರ ತೀರ್ಪು ಕೊಟ್ಟಿತಾದರೂ, ಅಷ್ಟರಲ್ಲಿ ಇಡೀ ದೇಶದ ಯೋಜನೆಗಳ ಬಗ್ಗೆ ಹೂಡಿಕೆದಾರರ ಮನಸ್ಸಿನಲ್ಲಿ ಅಳುಕು ಮೂಡಿತ್ತು. ಬಿಲ್ ಕಡಿಮೆ ಮಾಡಲು ಹೊರಟ ಕ್ರಮ ಮುಂದಿನ ಯೋಜನೆಗಳ ಬಡ್ಡಿ ಏರಿಸುವುದು ಹೀಗೆ.

ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಜಗತ್ತಿನ ಹೂಡಿಕೆಯ ಅಂಕಿ ನೋಡಿ. ಅದೇ ಸಂಸ್ಥೆಯ ಅಂದಾಜಿನಂತೆ 2025ರಲ್ಲಿ ಇಂಧನ ಕ್ಷೇತ್ರಕ್ಕೆ ಹರಿಯುವ ಹಣ 3.3 ಲಕ್ಷ ಕೋಟಿ ಡಾಲರ್. ಅದರಲ್ಲಿ 2.2 ಲಕ್ಷ ಕೋಟಿ ಶುದ್ಧ ಇಂಧನಕ್ಕೆ, 1.1 ಲಕ್ಷ ಕೋಟಿ ತೈಲ, ಅನಿಲ, ಕಲ್ಲಿದ್ದಲಿಗೆ. ಒಂದಕ್ಕೆ ಎರಡು! ಕೇಳಲು ಚೆನ್ನಾಗಿದೆ. ಇಲ್ಲೂ ಸ್ವಲ್ಪ ಎಚ್ಚರ ಬೇಕು: 'ಶುದ್ಧ' ಎನ್ನುವ ಈ ಚೀಲದಲ್ಲಿ ಅಣುವಿದ್ಯುತ್, ವಿದ್ಯುತ್ ತಂತಿ, ಬ್ಯಾಟರಿ, ವಿದ್ಯುತ್ ವಾಹನ, ಮನೆಯ ಶಾಖ ಉಳಿಸುವ ಕೆಲಸ ಎಲ್ಲ ಇವೆ. ಸೌರಕ್ಕೆ ಸಿಗುವುದು 45,000 ಕೋಟಿ ಡಾಲರ್ ಆಸುಪಾಸು. ಒಂದೇ ಬಾಬ್ತು ಎಂದು ನೋಡಿದರೆ ಅದೇ ಎಲ್ಲಕ್ಕಿಂತ ದೊಡ್ಡದು.

ಆ ಹಣ ಹೋಗುವುದು ಎಲ್ಲಿಗೆ ಎಂದು ಕೇಳಿದಾಗ ಮುಖ ಸಪ್ಪಗಾಗುತ್ತದೆ. ಸುಮಾರು ಮೂರರಲ್ಲಿ ಒಂದು ಪಾಲು ಚೀನಾಕ್ಕೆ, ಉಳಿದದ್ದರಲ್ಲಿ ಹೆಚ್ಚಿನದು ಅಮೆರಿಕ, ಯುರೋಪಿಗೆ. ಜಗತ್ತಿನ ಐದರಲ್ಲಿ ಒಂದು ಪಾಲು ಜನ ಇರುವ, ಅತ್ಯುತ್ತಮ ಬಿಸಿಲಿರುವ ಆಫ್ರಿಕಾಕ್ಕೆ ಶೇ 2ರಷ್ಟು. ಸಹಾರಾದ ದಕ್ಷಿಣಕ್ಕೆ ಸುಮಾರು 60 ಕೋಟಿ ಜನರ ಮನೆಗೆ ಇನ್ನೂ ಕರೆಂಟೇ ಬಂದಿಲ್ಲ.

ಶ್ರೀಮಂತ ದೇಶಗಳು ಇದನ್ನು ಸರಿಪಡಿಸುವ ಮಾತಾಡುತ್ತಲೇ ಇವೆ. 2021ರ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ದಕ್ಷಿಣ ಆಫ್ರಿಕಾ ಕಲ್ಲಿದ್ದಲಿನಿಂದ ಹೊರಬರಲು 850 ಕೋಟಿ ಡಾಲರ್ ಘೋಷಣೆಯಾಯಿತು. ಬಿಚ್ಚಿ ನೋಡಿದರೆ ಅದರಲ್ಲಿ ಅನುದಾನ ಶೇ 4ರ ಆಸುಪಾಸು, ಉಳಿದದ್ದು ಹೆಚ್ಚಾಗಿ ಸಾಲ, ಖಾತರಿ. ಅಲ್ಲಿನ ಕೋಮಾಟಿ ಸ್ಥಾವರ 2022ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಅದನ್ನೇ ನಂಬಿದ್ದ ಊರಿಗೆ ಹೊಸ ಕೆಲಸಗಳು ಅಷ್ಟು ಬೇಗ ಬರಲಿಲ್ಲ. 2025ರ ಮಾರ್ಚ್‌ನಲ್ಲಿ ಅಮೆರಿಕ ಆ ಒಪ್ಪಂದದಿಂದಲೇ ಹೊರನಡೆಯಿತು. 2024ರ ನವೆಂಬರ್‌ನಲ್ಲಿ ಬಾಕುವಿನ ಸಮ್ಮೇಳನದಲ್ಲಿ ಬಡ ದೇಶಗಳು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್ ಕೇಳಿದ್ದವು. ಶ್ರೀಮಂತ ದೇಶಗಳ ನೇತೃತ್ವದಲ್ಲಿ 2035ರ ಹೊತ್ತಿಗೆ ಒದಗಿಸುತ್ತೇವೆ ಎಂದು ಒಪ್ಪಿದ್ದು ವರ್ಷಕ್ಕೆ 30,000 ಕೋಟಿ ಡಾಲರ್. ಒಪ್ಪಂದ ಅಂಗೀಕಾರವಾಗುತ್ತಿದ್ದಂತೆಯೇ ಭಾರತದ ಪ್ರತಿನಿಧಿ ಎದ್ದು ಆಕ್ಷೇಪ ಎತ್ತಿದರು.

ಪಾಕಿಸ್ತಾನದಲ್ಲಿ ಯಾರೂ ಯೋಜಿಸದ ಬದಲಾವಣೆ

ಸಮ್ಮೇಳನಗಳಿಗೆ ಕಾಯದ ಒಂದು ದೇಶ ಪಕ್ಕದಲ್ಲೇ ಇದೆ. 2024ರಲ್ಲಿ ಪಾಕಿಸ್ತಾನ ಸುಮಾರು 17 ಗಿಗಾವ್ಯಾಟ್ ಸೌರ ಫಲಕ ಆಮದು ಮಾಡಿಕೊಂಡಿತು. ಆ ದೇಶದ ಗ್ರಿಡ್‌ನ ಒಟ್ಟು ಸಾಮರ್ಥ್ಯವೇ 46 ಗಿಗಾವ್ಯಾಟ್ ಆಸುಪಾಸು ಎಂದರೆ ಇದು ಎಷ್ಟು ದೊಡ್ಡದು ಎಂದು ಊಹಿಸಬಹುದು. ದೊಡ್ಡ ಪಾರ್ಕು, ದೊಡ್ಡ ಹರಾಜು ಏನೂ ಇದಕ್ಕೆ ಕಾರಣವಲ್ಲ. ಗ್ರಿಡ್ ಕರೆಂಟಿನ ದರ ಕೆಲವೇ ವರ್ಷದಲ್ಲಿ ವಿಪರೀತ ಏರಿತ್ತು, ಚೀನಾ ಫಲಕ ಅಷ್ಟೇ ವಿಪರೀತ ಇಳಿದಿತ್ತು. ಅಂಗಡಿಯವರು, ಕಾರ್ಖಾನೆಯವರು, ಡೀಸೆಲ್ ಪಂಪ್ ಓಡಿಸುತ್ತಿದ್ದ ರೈತರು ತಾವೇ ಕೊಂಡು ಹಾಕಿಸಿಕೊಂಡರು.

ಇದರ ಇನ್ನೊಂದು ಮುಖ ಅಷ್ಟು ಹಿತವಲ್ಲ. ಪಾಕಿಸ್ತಾನದ ಸರ್ಕಾರ ಹಿಂದೆ ಕಟ್ಟಿಸಿಕೊಂಡ ಸ್ಥಾವರಗಳಿಗೆ, ಅವು ಓಡಲಿ ಬಿಡಲಿ, ಸಾಮರ್ಥ್ಯದ ಲೆಕ್ಕದಲ್ಲಿ ಹಣ ಕೊಡಲೇಬೇಕು. ಉಳ್ಳವರು ಗ್ರಿಡ್‌ನಿಂದ ಕೊಳ್ಳುವುದನ್ನು ಕಡಿಮೆ ಮಾಡಿದಂತೆಲ್ಲ ಆ ಹೊರೆ ಉಳಿದವರ ಬಿಲ್ಲಿಗೆ ಹಂಚಿಕೆಯಾಗುತ್ತದೆ. ಬಿಲ್ ಏರಿದಂತೆ ಇನ್ನಷ್ಟು ಜನ ಫಲಕ ಹಾಕಿಸುತ್ತಾರೆ. ಕೊನೆಗೆ ಉಳಿಯುವವರು ಬಾಡಿಗೆ ಮನೆಯವರು, ಒಟ್ಟಿಗೆ ಹಣ ಹೂಡಲಾರದವರು. ಸೋಲಾರ್ ಹಾಕಿಸಿದವರನ್ನು ದೂರುವ ವಿಷಯ ಇದಲ್ಲ, ಗ್ರಿಡ್‌ನ ಖರ್ಚನ್ನು ಯಾರು ಹೇಗೆ ಹೊರಬೇಕು ಎಂಬ ನಿಯಮವನ್ನು ಸಮಯಕ್ಕೆ ಬದಲಿಸದ್ದರ ಫಲ. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮನೆ ಮೇಲೆ ಫಲಕ ಹಾಕಿಸುತ್ತಿರುವ ನಮಗೂ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುವುದಿದೆ.

ತಂತಿ ಮತ್ತು ಸಂಜೆ

ಫಲಕ ಕಟ್ಟಲು ಒಂದು ವರ್ಷ ಸಾಕು. ಅಲ್ಲಿಂದ ಊರಿಗೆ ಹೈಟೆನ್ಷನ್ ಲೈನ್ ಎಳೆಯಲು, ಜಮೀನು, ಅರಣ್ಯ, ತಕರಾರು ಎಲ್ಲ ದಾಟಿ, ಅದರ ಹಲವು ಪಟ್ಟು ಸಮಯ ಬೇಕು. ಜಗತ್ತು ಉತ್ಪಾದನೆಗೆ ಒಂದು ಡಾಲರ್ ಹೂಡಿದರೆ ತಂತಿಗೆ ಹೂಡುತ್ತಿರುವುದು ಸುಮಾರು 40 ಸೆಂಟ್. ಗ್ರಿಡ್‌ಗೆ ಜೋಡಣೆ ಸಿಗದೆ ಸಾಲಿನಲ್ಲಿ ನಿಂತ, ಕಾಗದಪತ್ರದ ಕೆಲಸವೆಲ್ಲ ಬಹುತೇಕ ಮುಗಿದ ಯೋಜನೆಗಳೇ 1,500 ಗಿಗಾವ್ಯಾಟ್‌ಗಿಂತ ಹೆಚ್ಚಿವೆ. ರಾಜಸ್ಥಾನದಲ್ಲಿ ಸ್ಥಾವರ ಸಿದ್ಧವಿದ್ದು, ಬಿಸಿಲೂ ಇದ್ದು, ಕಳಿಸಲು ಲೈನ್ ಇಲ್ಲದೆ ಮಧ್ಯಾಹ್ನ ಉತ್ಪಾದನೆ ನಿಲ್ಲಿಸಿದ ಪ್ರಸಂಗಗಳು 2025ರಲ್ಲಿ ಪದೇ ಪದೇ ನಡೆದಿವೆ.

ಇನ್ನು ಸಂಜೆ. ಆರೂವರೆಗೆ ಸೂರ್ಯ ಮುಳುಗುತ್ತಾನೆ, ಏಳಕ್ಕೆ ದೀಪ, ಟಿವಿ, ಫ್ಯಾನ್, ಎಸಿ ಎಲ್ಲ ಒಟ್ಟಿಗೆ ಶುರು. ಆ ನಾಲ್ಕೈದು ಗಂಟೆಯ ಹೊರೆ ಹೊರಲು ಕಲ್ಲಿದ್ದಲು ಸ್ಥಾವರ ಇರಲೇಬೇಕು ಎನ್ನುವುದು ಈವರೆಗಿನ ವಾದ. ಚೀನಾ 2024ರಲ್ಲಿ 277 ಗಿಗಾವ್ಯಾಟ್ ಸೌರ ಸೇರಿಸಿದ ವರ್ಷವೇ ಸುಮಾರು 94 ಗಿಗಾವ್ಯಾಟ್ ಹೊಸ ಕಲ್ಲಿದ್ದಲು ಸ್ಥಾವರಗಳ ಕಾಮಗಾರಿ ಶುರು ಮಾಡಿದ್ದರ ಹಿಂದೆ ಇರುವ ಒಂದು ಕಾರಣವೂ ಇದೇ. ಪಂಪಿನ ಉದಾಹರಣೆ ಇಲ್ಲೂ ನೆನಪಿರಲಿ: ಸ್ಥಾವರ ಹೆಚ್ಚಾಯಿತೆಂದರೆ ಉರಿಯುವ ಕಲ್ಲಿದ್ದಲೂ ಅಷ್ಟೇ ಹೆಚ್ಚಾಯಿತು ಎಂದಲ್ಲ, ಅವು ವರ್ಷದಲ್ಲಿ ಎಷ್ಟು ಗಂಟೆ ಓಡುತ್ತವೆ ಎನ್ನುವುದೇ ಮುಖ್ಯ. ಆದರೆ ಸಾಲ ಮಾಡಿ ಕಟ್ಟಿದ ಸ್ಥಾವರವನ್ನು ಸುಮ್ಮನೆ ನಿಲ್ಲಿಸಲು ಯಾರಿಗೂ ಮನಸ್ಸಾಗದು ಎನ್ನುವುದೂ ನಿಜ.

ಈ ವಾದದ ಬುಡವನ್ನು ಬ್ಯಾಟರಿ ಅಲುಗಾಡಿಸುತ್ತಿದೆ. ಒಂದು ಯೂನಿಟ್ ಹಿಡಿದಿಡುವ ಲಿಥಿಯಂ ಬ್ಯಾಟರಿಗೆ 2010ರಲ್ಲಿ 1,000 ಡಾಲರ್‌ಗಿಂತ ಹೆಚ್ಚು ಬೆಲೆಯಿತ್ತು, 2024ರಲ್ಲಿ ಸರಾಸರಿ 115 ಡಾಲರ್. 2025ರ ಸೆಪ್ಟೆಂಬರ್‌ನಲ್ಲಿ ಮಧ್ಯಪ್ರದೇಶದ ಮೊರೇನಾದಲ್ಲಿ, ಬೆಳಗ್ಗೆ ಮತ್ತು ಸಂಜೆಯ ಹೆಚ್ಚು ಬೇಡಿಕೆಯ ಹೊತ್ತಿಗೂ ಕೊಡಬೇಕು ಎಂಬ ಷರತ್ತಿನ ಬ್ಯಾಟರಿ ಸಹಿತ ಸೌರ ಹರಾಜಿನಲ್ಲಿ ಅತಿ ಕಡಿಮೆ ದರ ₹2.70 ಬಂತು. 2010ರಲ್ಲಿ ಬರೀ ಹಗಲಿನ ಸೌರ ವಿದ್ಯುತ್ತಿಗೆ ಕೊಟ್ಟ ದರದ ನಾಲ್ಕನೇ ಒಂದು ಭಾಗ. ಈ ದರದಲ್ಲಿ ನಿಜಕ್ಕೂ ಕಟ್ಟಿ ನಡೆಸಬಲ್ಲರೇ ಎನ್ನುವುದು ಸ್ಥಾವರ ಓಡಿದ ಮೇಲೆ ಗೊತ್ತಾಗಬೇಕು. ಹರಾಜಿನಲ್ಲಿ ಕೂಗಿದ್ದೆಲ್ಲ ಕಟ್ಟಿದ್ದಲ್ಲ. ಗೆದ್ದ ದರಕ್ಕೆ ಕೊಳ್ಳುವ ಒಪ್ಪಂದವೇ ಆಗದೆ ಕೂತಿರುವ ಯೋಜನೆಗಳು ದೇಶದಲ್ಲಿ 40 ಗಿಗಾವ್ಯಾಟ್‌ಗೂ ಹೆಚ್ಚಿವೆ.

ಕರ್ನಾಟಕದಲ್ಲಿ ಹಗಲು ಮತ್ತು ಸಂಜೆಯ ಈ ಕಥೆಗೆ ಎರಡು ಊರುಗಳಿವೆ. ಹಗಲಿನದು ತುಮಕೂರು ಜಿಲ್ಲೆಯ ಪಾವಗಡ. ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕು. ಜಮೀನನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದದ್ದು ಇದರ ವಿಶೇಷ: ಎಕರೆಗೆ ವರ್ಷಕ್ಕೆ ₹21,000, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಬರಗಾಲದಲ್ಲಿ ಶೇಂಗಾ ಬಿತ್ತಿ ಕೈಸುಟ್ಟುಕೊಂಡವರಿಗೆ ಇದು ಖಾತರಿ ಆದಾಯ. ಆದರೆ ಗುತ್ತಿಗೆ ಹಣ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರು, ಅಲ್ಲಿ ಕುರಿ ಮೇಯಿಸುತ್ತಿದ್ದವರು ಈ ಲೆಕ್ಕದಲ್ಲಿ ಇಲ್ಲ. ಫಲಕ ಒರೆಸುವ, ಕಾವಲು ಕಾಯುವ ಕೆಲಸ ಒಂದಷ್ಟು ಜನಕ್ಕೆ ಸಿಕ್ಕಿದೆ. ಹೊಲ ಕೊಡುತ್ತಿದ್ದಷ್ಟು ಜನಕ್ಕೆ ಪಾರ್ಕು ಕೆಲಸ ಕೊಡಲಾರದು.

ಸಂಜೆಯದು ಶರಾವತಿ ಕಣಿವೆ. ಹಗಲು ಹೆಚ್ಚಾದ ಕರೆಂಟಿನಿಂದ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತಿ, ಸಂಜೆ ಕೆಳಗೆ ಬಿಟ್ಟು 2,000 ಮೆಗಾವ್ಯಾಟ್ ಉತ್ಪಾದಿಸುವ ಯೋಜನೆ ಅಲ್ಲಿದೆ. ಕಲ್ಪನೆ ಸರಳ, ತಂತ್ರಜ್ಞಾನ ಹಳೆಯದು. ಎತ್ತಲು ಖರ್ಚಾದ ಕರೆಂಟಿನಲ್ಲಿ ನಾಲ್ಕನೇ ಒಂದು ಭಾಗದಷ್ಟು ಕಳೆದುಹೋದರೂ ಸಂಜೆಯ ಬೇಡಿಕೆಗೆ ಅದು ಲಾಭವೇ. ಆದರೆ ಈ ಜಾಗ ಇರುವುದು ಸಿಂಗಳೀಕ ಅಭಯಾರಣ್ಯದ ಒಳಗೆ, 1960ರ ದಶಕದಲ್ಲಿ ಲಿಂಗನಮಕ್ಕಿಗಾಗಿ ಒಮ್ಮೆ ಊರು, ತೋಟ ಮುಳುಗಿಸಿಕೊಂಡ ಕಣಿವೆಯಲ್ಲಿ. ಯೋಜನೆ ರೂಪುಗೊಂಡಾಗ ಬ್ಯಾಟರಿಯ ಬೆಲೆ ಈಗಿನಂತಿರಲಿಲ್ಲ. ಈಗ ಪಾವಗಡದಂಥ ಬಯಲಿನಲ್ಲೇ, ಫಲಕಗಳ ಪಕ್ಕದಲ್ಲಿ, ಕಾಡು ಕಡಿಯದೆ ಸಂಜೆಯ ಕರೆಂಟ್ ಹಿಡಿದಿಡಲು ಎಷ್ಟು ಖರ್ಚಾಗುತ್ತದೆ ಎಂಬ ಲೆಕ್ಕವನ್ನು ಇವತ್ತಿನ ಬೆಲೆಯಲ್ಲಿ, ಇವತ್ತಿನ ಬಡ್ಡಿಯಲ್ಲಿ ಹೊಸದಾಗಿ ಹಾಕಿ ಜನರ ಮುಂದಿಡಬೇಕು ಎಂದು ಕಣಿವೆಯವರು ಕೇಳಿದರೆ ಅದರಲ್ಲಿ ನ್ಯಾಯವಿದೆ.